ರೋಮನ್ ಸೈನಿಕರಿಗೆ ಉಪ್ಪೇ ಸಂಬಳವಾಗಿತ್ತಾ?

ಪ್ರಶ್ನೆ: ರೋಮನ್ ಸೈನಿಕರಿಗೆ ಸಂಬಳದ ಬದಲು ಉಪ್ಪು ಕೊಡುತ್ತಿದ್ದರಂತೆ, ‘ಸ್ಯಾಲರಿ’ ಅನ್ನೋ ಪದ ಬಂದಿದ್ದೇ ಹಾಗಂತೆ. ನಿಜವೇ?

ಮತ್ತೆ ಬಂತು ನೋಡಿ ಇದೇ ಪ್ರಶ್ನೆ. ಪದದ ಬೇರು ನಿಜ, ಕಥೆ ಸುಳ್ಳು.

ಲ್ಯಾಟಿನ್‌ನಲ್ಲಿ ಉಪ್ಪಿಗೆ ‘ಸಾಲ್’. ಅದರಿಂದ ‘ಸಲಾರಿಯುಂ’ ಬಂತು, ಅಂದರೆ ಭತ್ಯೆ, ಸಂಭಾವನೆ. ಇಟಾಲಿಯನ್, ಸ್ಪ್ಯಾನಿಷ್‌ನ ‘ಸಲಾರಿಯೊ’, ಫ್ರೆಂಚಿನ ‘ಸಲೇರ್’, ಇಂಗ್ಲಿಷಿನ ‘ಸ್ಯಾಲರಿ’ ಎಲ್ಲ ಅದರ ಮಕ್ಕಳೇ. ಇಷ್ಟಕ್ಕೆ ತಕರಾರಿಲ್ಲ.

ತಕರಾರಿರೋದು ಸೈನಿಕ ಚೀಲ ಹಿಡಿದು ಉಪ್ಪಿಗೆ ಸಾಲು ನಿಲ್ಲುವ ಕಥೆಯ ಬಗ್ಗೆ. ಹಾಗೆ ಕೊಡುತ್ತಿದ್ದರು ಎಂದು ಬರೆದಿಟ್ಟ ರೋಮನ್ ಲೇಖಕ ಒಬ್ಬನೂ ಇಲ್ಲ. ಎಲ್ಲರೂ ಪ್ಲಿನಿಯನ್ನೇ ಸಾಕ್ಷಿಗೆ ಎಳೆಯುತ್ತಾರೆ. ಒಂದನೇ ಶತಮಾನದ ಈ ರೋಮನ್ ಲೇಖಕ ತನ್ನ ದೊಡ್ಡ ಗ್ರಂಥದ 31ನೇ ಭಾಗದಲ್ಲಿ ಉಪ್ಪನ್ನು ಹೊಗಳುತ್ತಾ, ಸೈನ್ಯದಲ್ಲೂ ಬಳಕೆಯಲ್ಲಿರುವ ‘ಸಲಾರಿಯುಂ’ ಅನ್ನೋ ಮಾತು ಇದರಿಂದಲೇ ಬಂತು ಅನ್ನುತ್ತಾನೆ. ಅಷ್ಟೇ. ಉಪ್ಪು ಅಳೆದು ಕೊಟ್ಟರು ಅನ್ನೋದಿಲ್ಲ. ‘ಉಪ್ಪು ಕೊಳ್ಳಲು ಕೊಟ್ಟ ಭತ್ಯೆ’ ಅನ್ನೋದೂ ಆಮೇಲಿನವರ ಊಹೆಯೇ.

ಸಾಮಾನ್ಯ ಸೈನಿಕನ ಸಂಬಳಕ್ಕೆ ಹೆಸರೇ ಬೇರೆ ಇತ್ತು: ‘ಸ್ಟಿಪೆಂಡಿಯುಂ’. ನಮ್ಮ ಹೌಸ್ ಸರ್ಜನ್‌ಗಳು ಕಾಯುತ್ತಾ ಕೂರುವ ಸ್ಟೈಪೆಂಡ್ ಅದೇ. ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಅದು ವರ್ಷಕ್ಕೆ 225 ದೆನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಮೂರು ಕಂತಿನಲ್ಲಿ. ಈಜಿಪ್ಟಿನಲ್ಲಿ ಸಿಕ್ಕ ಒಂದು ಪಪೈರಸ್ ಹಾಳೆ ಈಗ ಜಿನೀವಾದಲ್ಲಿದೆ. ಒಂದನೇ ಶತಮಾನದ ಸೈನಿಕ ಪ್ರೊಕುಲಸ್‌ನ ಲೆಕ್ಕ ಅದು. ಒಂದು ಕಂತಿಗೆ ಬಂದದ್ದು ಈಜಿಪ್ಟಿನ ನಾಣ್ಯದ ಲೆಕ್ಕದಲ್ಲಿ 248 ದ್ರಾಕ್ಮಾ. ಅದರಲ್ಲಿ ಒಣಹುಲ್ಲಿಗೆ 10, ಊಟಕ್ಕೆ 80, ಪಾದರಕ್ಷೆ ಮತ್ತು ಪಟ್ಟಿಗಳಿಗೆ 12, ಶಿಬಿರದ ಸ್ಯಾಟರ್ನೇಲಿಯಾ ಹಬ್ಬಕ್ಕೆ 20 ಕಟ್. ಹಬ್ಬದ ವಂತಿಗೆಯನ್ನು ಆಗಲೂ ಕೇಳದೇ ಮುರಿದುಕೊಳ್ಳುತ್ತಿದ್ದರು! ಉಪ್ಪಿನ ಬಾಬತ್ತು ಮಾತ್ರ ಎಲ್ಲೂ ಇಲ್ಲ.

‘ಆಗ ಉಪ್ಪು ಚಿನ್ನದಷ್ಟು ತುಟ್ಟಿ ಇತ್ತಲ್ವಾ?’ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. 301ರಲ್ಲಿ ಚಕ್ರವರ್ತಿ ಡಯೋಕ್ಲೆಶಿಯನ್ ಹೊರಡಿಸಿದ ದರಪಟ್ಟಿ ನೋಡಿ. ಒಂದು ಅಳತೆ ಗೋಧಿಗೂ ಅಷ್ಟೇ ಉಪ್ಪಿಗೂ ಗರಿಷ್ಠ ದರ ಒಂದೇ, 100 ದೆನಾರಿಯಸ್. ಚಿನ್ನದ ಮಾತೆಲ್ಲಿ ಬಂತು?

ಉಪ್ಪು ತಿಂದ ಮನೆಗೆ ದ್ರೋಹ ಬಗೆಯಬಾರದು ಅಂತ ಕೇಳುತ್ತಲೇ ಬೆಳೆದವರು ನಾವು. ಅದಕ್ಕೇ ಈ ಕಥೆ ನಮಗೆ ಥಟ್ಟನೆ ಹಿಡಿಸಿಬಿಡುತ್ತದೆ. ಹಿಡಿಸಿದ ಮಾತ್ರಕ್ಕೆ ಚರಿತ್ರೆ ಆಗೋದಿಲ್ಲ.

ಇದಕ್ಕೊಂದು ಬಾಲವೂ ಇದೆ: ಸೋಲ್ಜರ್ ಅಂದರೆ ‘ಸಾಲ್ ದಾರೆ’, ಉಪ್ಪು ಕೊಡುವುದು ಅಂತೆ. ಸುಮ್ನೆ ಕಟ್ಟಿದ್ದು. ಅದರ ಮೂಲ ‘ಸೊಲಿದುಸ್’, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ಚಕ್ರವರ್ತಿ ಕಾನ್‌ಸ್ಟಂಟೈನ್ ಟಂಕಿಸಿದ ನಾಣ್ಯ. ಇಟಲಿಯವರು ಇವತ್ತಿಗೂ ದುಡ್ಡಿಗೆ ‘ಸೊಲ್ದಿ’ ಅನ್ನುತ್ತಾರೆ. ಸ್ಪೇನಿನಲ್ಲಿ ಸಂಬಳ ‘ಸ್ವೆಲ್ದೊ’, ಸೈನಿಕ ‘ಸೊಲ್ದಾದೊ’.

ಫ್ರೆಂಚಿನಲ್ಲಿ ಇನ್ನೊಂದು ಸುಳಿವಿದೆ, ನನಗಂತೂ ಬಹಳ ಇಷ್ಟ. ಜನರ ಬಾಯಲ್ಲಿ ಸವೆದು ಬಂದ ಪದಗಳಲ್ಲಿ ಲ್ಯಾಟಿನ್‌ನ ‘ಆರಿಯುಂ’ ಅಲ್ಲಿ ‘ಇಯೇ’ ಆಗುತ್ತದೆ. ಕಣಜ ‘ಗ್ರನಾರಿಯುಂ’ ಹೋಗಿ ‘ಗ್ರೆನಿಯೇ’, ಬ್ರೆಡ್ ಬುಟ್ಟಿ ‘ಪನಾರಿಯುಂ’ ಹೋಗಿ ‘ಪನಿಯೇ’. ‘ಸಲೇರ್’ ಹಾಗೆ ಸವೆದೇ ಇಲ್ಲ. ಅಂದರೆ ಓದುಬರಹದವರು ಲ್ಯಾಟಿನ್ ಕಡತಗಳಿಂದ ಆಮೇಲೆ ಎತ್ತಿಕೊಂಡ ಪದ ಅದು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ದೆನಾರಿಯಸ್ ಏನಾಯಿತು? ಸ್ಪ್ಯಾನಿಷ್‌ನಲ್ಲಿ ‘ದಿನೆರೊ’, ಇಟಾಲಿಯನ್‌ನಲ್ಲಿ ‘ದೆನಾರೊ’ ಆಯಿತು. ಎರಡಕ್ಕೂ ಅರ್ಥ ಹಣ. ನಾಣ್ಯವೇ ಚಿತ್ರದುರ್ಗದ ಚಂದ್ರವಳ್ಳಿಯವರೆಗೆ ಬಂದಿತ್ತು, ಅಗೆದಾಗ ಸಿಕ್ಕಿದೆ. ಹೆಸರು ಗ್ರೀಕ್ ದಾಟಿ ಅರಬ್ಬಿಗೆ ಹೋಗಿ ದಿನಾರ್ ಆಯಿತು. ಕುವೈತ್‌ನಲ್ಲಿ, ಬಹರೇನ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರು ತಿಂಗಳ ಕೊನೆಗೆ ಎಣಿಸುವುದು ಅದನ್ನೇ.