ನಮ್ಮನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ

ಕರುಳಿನ ದೀರ್ಘಕಾಲದ ಉರಿಯೂತ (ಐಬಿಡಿ) ಇರುವ ಹೆಣ್ಣುಮಕ್ಕಳು ಬಸುರಿ ಅಂತ ಗೊತ್ತಾದ ದಿನವೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ರಕ್ತಬೇಧಿ ಶುರುವಾದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಸೋಮವಾರಪೇಟೆ ಕಡೆಯ ಒಬ್ಬರು ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದರು. ಕಾಫಿ ಕುಯ್ಲಿನ ಹೊತ್ತಿಗೆ ಬಸುರಿಯಾದರು, ಮಾತ್ರೆ ಬಿಟ್ಟರು. ಕೊನೆಗೆ ಆಸ್ಪತ್ರೆಗೆ ಸೇರಿ ಸ್ಟೀರಾಯ್ಡ್ ತೆಗೆದುಕೊಳ್ಳಬೇಕಾಯಿತು. "ಮಗೂಗೆ ತೊಂದರೆ ಆಗಬಾರದು ಅಂತ ನಿಲ್ಲಿಸಿದೆ ಡಾಕ್ಟ್ರೇ" ಅಂದರು. ಅಂಥವರನ್ನು ಬೈಯಲು ಮನಸ್ಸು ಬರುವುದಿಲ್ಲ.

ಆದರೆ ಮಗುವಿಗೆ ಜಾಸ್ತಿ ಅಪಾಯ ಇರುವುದು ಕೆರಳಿದ ಕಾಯಿಲೆಯಿಂದ. ಕರುಳು ಉರಿಯುತ್ತಿದ್ದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಇವೆಲ್ಲ ಹೆಚ್ಚು. ಕಾಯಿಲೆ ಶಾಂತವಾಗಿದ್ದರೆ ಬಹುತೇಕ ಬೇರೆ ತಾಯಂದಿರ ಹಾಗೆಯೇ ಹೆರಿಗೆ ಆಗುತ್ತದೆ. ಅದನ್ನು ಶಾಂತವಾಗಿ ಇಟ್ಟಿರುವುದೇ ಆ ಮಾತ್ರೆ. ಅದಕ್ಕೇ 3ರಿಂದ 6 ತಿಂಗಳು ಕಾಯಿಲೆ ಹತೋಟಿಯಲ್ಲಿದ್ದ ಮೇಲೆ ಬಸುರಿಯಾಗಲಿ ಅನ್ನುತ್ತೇವೆ.

ಮೆಸಲಮೈನ್ ಸಾಮಾನ್ಯವಾಗಿ ಮುಂದುವರಿಸಬಹುದು. ಸಲ್ಫಾಸಲಜೀನ್ ಆದರೆ ಫೋಲಿಕ್ ಆಸಿಡ್ ಜಾಸ್ತಿ ಬೇಕು. ಮೊದಲಿನಿಂದ ಅಜಾಥಯೋಪ್ರಿನ್ ಇದ್ದವರಿಗೂ ಹೆಚ್ಚಾಗಿ ಅದನ್ನೇ ಮುಂದುವರಿಸುತ್ತೇವೆ. ಮೆಥೊಟ್ರೆಕ್ಸೇಟ್ ಮಾತ್ರ ಬೇಡವೇ ಬೇಡ. ಗರ್ಭಕ್ಕೆ ಕನಿಷ್ಠ 3 ತಿಂಗಳು ಮೊದಲೇ ಅದನ್ನು ಬಿಟ್ಟು, ಬೇರೆ ಔಷಧಿಗೆ ಬದಲಾಗಿರಬೇಕು. ಅದರ ಮೇಲಿರುವಾಗಲೇ ಬಸುರಿ ಅಂತ ಗೊತ್ತಾದರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಅವತ್ತೇ ಫೋನ್ ಮಾಡಿ. ಟೊಫಾಸಿಟಿನಿಬ್ ಕೂಡ ಬೇಡ ಅನ್ನುತ್ತೇವೆ. ನಿಮ್ಮ ಚೀಟಿಯಲ್ಲಿ ಏನಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪಕ್ಕದ ಮನೆಯವರ ಚೀಟಿ ನೋಡಿ ತೀರ್ಮಾನ ಮಾಡಬೇಡಿ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಬಸುರಿಗೂ ಅದು ಸರಿಯಲ್ಲ, ಈ ಕರುಳಿಗೂ ಸರಿಯಲ್ಲ. ಕೊಡಗಿನ ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸ ಕುಡಿದರೆ ಮಾತ್ರೆ ಬೇಡ ಅಲ್ವಾ ಅಂತ ಕೇಳುವವರೂ ಇದ್ದಾರೆ. ಹಬ್ಬದ ಅಡುಗೆ ಮೇಲೆ ನನಗೂ ಪ್ರೀತಿ ಇದೆ. ಮೆಸಲಮೈನ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ.

ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಇಂಜೆಕ್ಷನ್ ಇರುವವರು ಹೆರಿಗೆ ವಾರ್ಡ್‌ನಲ್ಲಿ ಅದನ್ನು ಮರೆಯದೆ ಹೇಳಬೇಕು. ಕೊನೆಯ ಮೂರು ತಿಂಗಳಲ್ಲಿ ಔಷಧಿ ಮಗುವಿನ ರಕ್ತಕ್ಕೆ ಸೇರಿರುತ್ತದೆ. ಅದಕ್ಕೇ ಹುಟ್ಟಿದ ಕೂಡಲೇ ಹಾಕುವ ಬಿಸಿಜಿಯನ್ನು (ಕ್ಷಯರೋಗ ತಡೆಯುವ ಜೀವಂತ ಲಸಿಕೆ) ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದೂಡುತ್ತೇವೆ. ಇದನ್ನು ಮಕ್ಕಳ ವೈದ್ಯರೇ ನಿರ್ಧರಿಸಲಿ. ಇನ್ನು ಜೂನ್ ಮಳೆ ಹಿಡಿಯುವ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಘಟ್ಟದಲ್ಲಿ ಮಣ್ಣು ಕುಸಿದರೆ ಮೈಸೂರು, ಮಂಗಳೂರಿನಿಂದ ಔಷಧಿ ಬರುವುದು ತಡವಾಗುತ್ತದೆ.