ಭೂಮಿ ಚುಕ್ಕೆಯಾಗುವುದು ಯಾವಾಗ?

ಚಲನೆಯ ಪಾಠದ ಲೆಕ್ಕಗಳಲ್ಲಿ ದಾರಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ, ಗಾಳಿಯಂತೂ ಇಲ್ಲವೇ ಇಲ್ಲ. ಕಾರಿರಲಿ, ಚೆಂಡಿರಲಿ, ಗ್ರಹವೇ ಇರಲಿ, ಎಲ್ಲವೂ ಒಂದು ಚುಕ್ಕೆ. ಓದುವ ಮಕ್ಕಳಿಗೆ ಇದು ಮೋಸ ಅನ್ನಿಸಿದರೆ ಆಶ್ಚರ್ಯವಿಲ್ಲ. ಎಲ್ಲೂ ಇಲ್ಲದ ವಸ್ತುಗಳ ಲೆಕ್ಕ ಮಾಡಿ, ಕಣ್ಣೆದುರಿಗಿರುವ ವಸ್ತುಗಳ ಬಗ್ಗೆ ಹೇಗೆ ಮಾತಾಡುವುದು? ನನಗಂತೂ ಈ ಸರಳೀಕರಣದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅದನ್ನು ಕಲಿಸುವ ರೀತಿಯ ಬಗ್ಗೆ. ‘ಗಾಳಿಯ ತಡೆಯನ್ನು ನಿರ್ಲಕ್ಷಿಸಿ’ ಎಂದು ಪ್ರಶ್ನೆಯ ಕೊನೆಗೆ ಬರೆದುಬಿಡುತ್ತಾರೆ. ನಿರ್ಲಕ್ಷಿಸಿದರೆ ಉತ್ತರ ಎಷ್ಟು ಕೆಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದನ್ನೂ ಲೆಕ್ಕ ಹಾಕಬಹುದು, ಹಾಕಲೇಬೇಕು.

ಭೂಮಿಯನ್ನೇ ತೆಗೆದುಕೊಳ್ಳಿ. ಅದರ ವ್ಯಾಸ ಸುಮಾರು 12,742 ಕಿ.ಮೀ. ಸೂರ್ಯನಿಂದ ಅದಕ್ಕಿರುವ ದೂರ ಸುಮಾರು 15 ಕೋಟಿ ಕಿ.ಮೀ. ಅಂದರೆ ಆ ದೂರದಲ್ಲಿ ಇಂಥ ಹನ್ನೊಂದು ಸಾವಿರಕ್ಕೂ ಹೆಚ್ಚು ಭೂಮಿಗಳನ್ನು ಸಾಲಾಗಿ ಜೋಡಿಸಬಹುದು. ವರ್ಷದ ಅವಧಿಯನ್ನೋ ಕಕ್ಷೆಯ ಆಕಾರವನ್ನೋ ಕಂಡುಹಿಡಿಯಲು ಹೊರಟವರಿಗೆ ಬೆಟ್ಟ, ಸಾಗರ, ಖಂಡ ಯಾವುದೂ ಬೇಕಿಲ್ಲ. ಒಂದು ಚುಕ್ಕೆ, ಅದರಲ್ಲಿ ಭೂಮಿಯ ಇಡೀ ದ್ರವ್ಯರಾಶಿ, ಇಷ್ಟಿದ್ದರೆ ಸಾಕು.

ಆದರೆ ಮರದಿಂದ ಬೀಳುವ ಹಣ್ಣಿನ ಪಾಲಿಗೆ ಭೂಮಿ ದೂರದ ಚುಕ್ಕೆಯಲ್ಲ, ಕೆಳಗೆ ಎಲ್ಲ ಕಡೆಗೂ ಹರಡಿರುವ ನೆಲ. ಆದರೂ ಹಣ್ಣಿನ ಲೆಕ್ಕದಲ್ಲಿ ಭೂಮಿಯ ದ್ರವ್ಯರಾಶಿಯೆಲ್ಲ ಕೇಂದ್ರದಲ್ಲೇ ಇದೆಯೆಂದು ಹಿಡಿಯುತ್ತೇವಲ್ಲ, ಯಾವ ಧೈರ್ಯದ ಮೇಲೆ? ನ್ಯೂಟನ್‌ಗೂ ಇದಕ್ಕೆ ಪುರಾವೆ ಬೇಕಿತ್ತು. 1687ರಲ್ಲಿ ಪ್ರಕಟವಾದ ತನ್ನ ಗ್ರಂಥ ಪ್ರಿನ್ಸಿಪಿಯಾದಲ್ಲಿ ಅವನೇ ಅದನ್ನು ಕೊಟ್ಟ. ದ್ರವ್ಯವು ಕೇಂದ್ರದ ಸುತ್ತ ಎಲ್ಲ ದಿಕ್ಕಿಗೂ ಒಂದೇ ರೀತಿ ಹರಡಿರುವ ಗೋಳ ತನ್ನ ಹೊರಗಿನ ವಸ್ತುವನ್ನು, ಎಲ್ಲ ದ್ರವ್ಯವೂ ಕೇಂದ್ರದಲ್ಲೇ ಇದ್ದಿದ್ದರೆ ಹೇಗೆ ಎಳೆಯುತ್ತಿತ್ತೋ ಹಾಗೆಯೇ ಎಳೆಯುತ್ತದೆ. ಅಂಥ ಗೋಳಕ್ಕೆ ಇದು ಅಂದಾಜೂ ಅಲ್ಲ, ಕರಾರುವಾಕ್ಕಾದ ಪ್ರಮೇಯ. ಬಲವಿಜ್ಞಾನದಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಫಲಿತಾಂಶಗಳಲ್ಲಿ ಇದೊಂದು.

ಈಗ ಅದೇ ಭೂಮಿಯ ಬಗ್ಗೆ ಬೇರೆ ಪ್ರಶ್ನೆ ಕೇಳೋಣ. ಅದರ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತು ಬರುತ್ತದೆ, ಏಕೆ? ಚುಕ್ಕೆಗೆ ಅಕ್ಷವೇ ಇಲ್ಲ. ಪರಿಪೂರ್ಣ ಗೋಳಕ್ಕೆ ಅಕ್ಷವಿದ್ದರೂ ಅದು ದಿಕ್ಕು ಬದಲಿಸಲು ಕಾರಣವಿಲ್ಲ. ನಿಜವಾದ ಭೂಮಿಯ ತ್ರಿಜ್ಯ ಧ್ರುವಗಳಿಗಿಂತ ಸಮಭಾಜಕದಲ್ಲಿ ಸುಮಾರು 21 ಕಿ.ಮೀ. ಹೆಚ್ಚು. ಸೂರ್ಯ, ಚಂದ್ರ ಆ ಉಬ್ಬನ್ನು ಎಳೆಯುವುದರಿಂದಲೇ ಅಕ್ಷ ಹೀಗೆ ತಿರುಗುವುದು. ವರ್ಷದ ಲೆಕ್ಕದಲ್ಲಿ ಹೆಸರಿಗೂ ಬಾರದ ಆ 21 ಕಿ.ಮೀ. ಇಲ್ಲದೆ ಇಲ್ಲಿ ಲೆಕ್ಕವೇ ಹುಟ್ಟುವುದಿಲ್ಲ. ಉಬ್ಬರವಿಳಿತಕ್ಕೆ ಬಂದರಂತೂ ಗಟ್ಟಿ ಭೂಮಿಯೂ ಸಾಲದು, ನೀರು ಹರಿಯಬೇಕು, ನೆಲವೂ ಕೊಂಚ ಬಾಗಬೇಕು.

ಇನ್ನು ತೂಕವಿಲ್ಲದ ದಾರ. 5 ಕೆ.ಜಿ. ತೂಕದ ಪೆಟ್ಟಿಗೆಯೊಂದನ್ನು ನುಣುಪಾದ ನೆಲದ ಮೇಲೆ ದಾರ ಕಟ್ಟಿ ಎಳೆಯುತ್ತಿದ್ದೇವೆ, ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ಎಂದುಕೊಳ್ಳಿ. ಪೆಟ್ಟಿಗೆಗೆ ಬೇಕಾದ ಬಲ 10 ನ್ಯೂಟನ್. ದಾರ 50 ಗ್ರಾಂ ಇದ್ದರೆ ಅದನ್ನೂ ಅಷ್ಟೇ ವೇಗೋತ್ಕರ್ಷದಿಂದ ಸಾಗಿಸಲು ಇನ್ನೊಂದು 0.1 ನ್ಯೂಟನ್ ಬೇಕು. ಹಾಗಾಗಿ ಕೈಯ ಕಡೆಯ ತುದಿಯಲ್ಲಿ ಎಳೆತ 10.1, ಪೆಟ್ಟಿಗೆಯ ಕಡೆ 10. ವ್ಯತ್ಯಾಸ ನೂರಕ್ಕೆ ಒಂದು. ‘ದಾರದ ಉದ್ದಕ್ಕೂ ಎಳೆತ ಒಂದೇ’ ಎಂಬ ಮಾತಿನ ಬೆಲೆ ಇಷ್ಟೇ, ಧಾರಾಳವಾಗಿ ಕೊಡಬಹುದು. ದಾರದ ಬದಲು 5 ಕೆ.ಜಿ. ಸರಪಳಿ ಕಟ್ಟಿ ನೋಡಿ: ಈ ಕಡೆ 20, ಆ ಕಡೆ 10. ಈಗ ಅದೇ ಮಾತು ಶುದ್ಧ ಸುಳ್ಳು. ಕಿಲೋಮೀಟರುಗಟ್ಟಲೆ ಆಳದ ಗಣಿಗಳಲ್ಲಿ ಇಳಿಬಿಟ್ಟ ಉಕ್ಕಿನ ಹಗ್ಗದ ತೂಕ ಅದು ಎತ್ತುವ ಹೊರೆಗೆ ಸರಿಸಮನಾಗಿ ಬೆಳೆಯಬಲ್ಲದು. ಅಲ್ಲಿ ಹಗ್ಗವನ್ನು ಮರೆತರೆ ಜೀವಕ್ಕೇ ಅಪಾಯ.

ಗಾಳಿಯದ್ದೂ ಇದೇ ಕಥೆ. ಮೇಜಿನ ಎತ್ತರದಿಂದ ಬಿದ್ದ ಕಬ್ಬಿಣದ ಗುಂಡಿಗೆ ಗಾಳಿ ಇದ್ದರೂ ಇಲ್ಲದಂತೆಯೇ. ಎರಡು ಕಿ.ಮೀ. ಮೇಲಿನಿಂದ ಬೀಳುವ ಮಳೆಹನಿ ಮಾತ್ರ, ಗಾಳಿ ಇಲ್ಲದಿದ್ದರೆ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನೆಲ ಮುಟ್ಟಬೇಕು. ದೊಡ್ಡ ಹನಿಯ ನಿಜವಾದ ವೇಗ ಸೆಕೆಂಡಿಗೆ ಒಂಬತ್ತು ಮೀಟರಿನ ಆಸುಪಾಸು.

ಕಣ್ಣಿಗೆ ಕಾಣದಂತೆ ಕೈಕೊಡುವ ಊಹೆಯೆಂದರೆ ದೃಢಕಾಯದ್ದು, ಅಂದರೆ ವಸ್ತು ಎಷ್ಟು ಬಲ ಬಿದ್ದರೂ ಬಾಗುವುದಿಲ್ಲ, ಕುಗ್ಗುವುದಿಲ್ಲ ಎಂಬುದು. ನಿಜಕ್ಕೂ ಅಂಥ ವಸ್ತು ಇರಲಾರದು. ಉಕ್ಕಿನ ಸರಳಿನ ಒಂದು ತುದಿಯನ್ನು ತಳ್ಳಿದರೆ ಆ ಸುದ್ದಿ ಸೆಕೆಂಡಿಗೆ ಸುಮಾರು 5 ಕಿ.ಮೀ. ವೇಗದಲ್ಲಿ ಇನ್ನೊಂದು ತುದಿಗೆ ಸಾಗುತ್ತದೆ, ಅಷ್ಟು ಹೊತ್ತು ಸರಳು ಒಂದಿಷ್ಟು ಕುಗ್ಗಿಯೇ ಇರುತ್ತದೆ.

ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1ರ ವಿಷಯದಲ್ಲಿ ಎಡವಿದ್ದು ಇಲ್ಲೇ. 1958ರ ಜನವರಿ 31ರಂದು ಹಾರಿದ ಅದು ಸುಮಾರು ಎರಡು ಮೀಟರ್ ಉದ್ದ, 15 ಸೆಂ.ಮೀ. ದಪ್ಪದ ಕೊಳವೆ. ಉದ್ದದ ಅಕ್ಷದ ಸುತ್ತ ಬುಗುರಿಯಂತೆ ಗಿರ್ರನೆ ತಿರುಗುತ್ತಿರಲಿ ಎಂದು ಅದನ್ನು ಕಳಿಸಿದ್ದರು. ದೃಢಕಾಯದ ಲೆಕ್ಕದಲ್ಲಿ ಆ ತಿರುಗುವಿಕೆ ಸ್ಥಿರವೇ. ಆದರೆ ಕೊಳವೆಯ ಮೈಯಿಂದ ನಾಲ್ಕು ಬಳುಕುವ ಆಂಟೆನಾಗಳು ಚಾಚಿಕೊಂಡಿದ್ದವು. ಅವು ಅಲುಗಾಡಿದಂತೆಲ್ಲ ತಿರುಗುವ ಶಕ್ತಿಯಲ್ಲಿ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತಿತ್ತು. ಕೋನೀಯ ಸಂವೇಗ, ಅಂದರೆ ತಿರುಗುವ ವಸ್ತುವಿನ ಸಂವೇಗ, ಮಾತ್ರ ಸೋರುವಂತಿಲ್ಲ, ಅದನ್ನು ಕಸಿಯಲು ಹೊರಗಿನಿಂದ ಯಾರಾದರೂ ತಿರುಚಬೇಕು. ಸಂವೇಗ ಅಷ್ಟೇ ಇದ್ದು ಶಕ್ತಿ ಕಡಿಮೆಯಾಗುತ್ತ ಹೋದರೆ ಉಪಗ್ರಹಕ್ಕೆ ಉಳಿಯುವ ದಾರಿ ಒಂದೇ: ತಿರುಗಿಸಲು ಅತಿ ಕಷ್ಟವಾದ ಅಕ್ಷಕ್ಕೆ, ಕೊಳವೆಯ ಪಾಲಿಗೆ ಅಡ್ಡ ಅಕ್ಷಕ್ಕೆ, ಬದಲಾಗುವುದು. ಹಾಗೆಯೇ ಆಯಿತು. ಎಕ್ಸ್‌ಪ್ಲೋರರ್ ಬೇಗನೆ ಅಡ್ಡಕ್ಕೆ ತಿರುಗಿ, ತುದಿಯ ಮೇಲೆ ತುದಿ ಬರುವಂತೆ ಪಲ್ಟಿ ಹೊಡೆಯತೊಡಗಿತು. ಬರೀ ತಿರುಗುವಿಕೆಯಿಂದಲೇ ಸ್ಥಿರವಾಗಿರಬೇಕಾದ ಉಪಗ್ರಹವನ್ನು ಕೊಳವೆಯಂತೆ ಉದ್ದಕ್ಕೆ ಮಾಡದೆ, ತಟ್ಟೆಯಂತೆಯೋ ಗಿಡ್ಡ ಡಬ್ಬಿಯಂತೆಯೋ ಅಗಲವಾಗಿ ಮಾಡುವುದರ ಹಿಂದೆ ಇರುವ ಕಾರಣ ಇದೇ.