ಮರುವಾಯಿಯ ವೈರಸ್ಸಿಗೆ ಒಂದು ಕಾಗದದ ಪಟ್ಟಿ

ಮರುವಾಯಿ (ಅಳಿವೆಯಲ್ಲಿ ಸಿಗುವ ಚಿಪ್ಪುಮೀನು) ಕೊಳ್ಳುವಾಗ ನಮ್ಮ ಕರಾವಳಿಯ ಮುಲ್ಕಿ, ಉದ್ಯಾವರ ಕಡೆಯವರು ಚಿಪ್ಪು ಗಟ್ಟಿ ಮುಚ್ಚಿದೆಯಾ ನೋಡುತ್ತಾರೆ, ಒಂದನ್ನು ಮೂಗಿಗೆ ಹಿಡಿಯುತ್ತಾರೆ. ಜೀವ ಇದೆಯಾ ಅಂತ ತಿಳಿಯಲು ಅಷ್ಟು ಸಾಕು. ವೈರಸ್ ಇದೆಯಾ ಅಂತ ತಿಳಿಯಲು ಅದರಿಂದ ಏನೂ ಪ್ರಯೋಜನ ಇಲ್ಲ. ವಾಂತಿಭೇದಿ ತರುವ ನೊರೊವೈರಸ್ ಆಗಲಿ, ಕಾಮಾಲೆ ತರುವ ಹೆಪಟೈಟಿಸ್ ಎ ಆಗಲಿ ಮರುವಾಯಿಯೊಳಗೆ ಬೆಳೆಯುವುದೇ ಇಲ್ಲ, ಕೊಳೆಸುವುದಿಲ್ಲ, ವಾಸನೆಯೂ ಬರಿಸುವುದಿಲ್ಲ. ಮರುವಾಯಿ ನೀರು ಸೋಸಿ ತಿನ್ನುವ ಪ್ರಾಣಿ. ಹೊಳೆಗೆ ಕೊಳಚೆ ಸೇರಿದರೆ ಅದರಲ್ಲಿದ್ದ ವೈರಸ್ಸನ್ನೂ ಸೋಸಿ ಹೊಟ್ಟೆಯ ಕಪ್ಪು ಭಾಗದಲ್ಲಿ ಕೂಡಿಡುತ್ತದೆ. 1988ರಲ್ಲಿ ಶಾಂಘೈಯಲ್ಲಿ ಅರೆಬೆಂದ ಚಿಪ್ಪುಮೀನು ತಿಂದು ಸುಮಾರು 3 ಲಕ್ಷ ಜನ ಕಾಮಾಲೆಗೆ ಬಿದ್ದದ್ದು ಹೀಗೆ. (ಚಿಪ್ಪು ಬಾಯಿ ಬಿಟ್ಟರೆ ಬೆಂದಿತು ಅಂತ ಅಲ್ಲ ಮಾರಾಯ್ರೆ. ಒಳಗಿನ ಮಾಂಸ 90 ಡಿಗ್ರಿ ಮುಟ್ಟಿ ಒಂದೂವರೆ ನಿಮಿಷ ನಿಲ್ಲಬೇಕು. ಕಾಯಿ ಮಸಾಲೆ ಹಾಕಿ ಚೆನ್ನಾಗಿ ಕುದಿಸುವ ನಮ್ಮ ಸುಕ್ಕಕ್ಕೆ ಆ ಚಿಂತೆ ಕಡಿಮೆ.)

ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ನಮ್ಮದೇ ಕರಾವಳಿಯ ಚಿಪ್ಪುಮೀನುಗಳಲ್ಲಿ ಇಂಥ ವೈರಸ್‌ಗಳನ್ನು ಹಿಂದೆಯೇ ಪತ್ತೆ ಮಾಡಿದ್ದಾರೆ. ಆದರೆ ಪ್ರಯೋಗಾಲಯವನ್ನೇ ಮೀನು ಮಾರ್ಕೆಟ್ಟಿಗೆ ಹೊತ್ತು ತರಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಿಂತಲ್ಲೇ ವೈರಸ್ ಪತ್ತೆ ಮಾಡುವ ಕಾಗದದ ಪಟ್ಟಿ.

ಕೋವಿಡ್ ಸಮಯದಲ್ಲಿ ಮನೆಮನೆಗೆ ಬಂದ ಕಿಟ್ಟಿನ ಒಳಗೆ ಇದ್ದದ್ದು ಇದೇ ಸಪೂರದ ಪಟ್ಟಿ. ಪಂಪ್ ಇಲ್ಲ, ಕರೆಂಟ್ ಇಲ್ಲ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ಹನಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ದಾರಿಯಲ್ಲಿ ಬಂಗಾರದ ಕಣಗಳು ಕಾದಿರುತ್ತವೆ. ನಿಜವಾದ ಬಂಗಾರ! ಆದರೆ ಬಣ್ಣ ಕೆಂಪು. ಬಂಗಾರವನ್ನು ಹತ್ತಿಪ್ಪತ್ತು ನ್ಯಾನೋಮೀಟರಿನಷ್ಟು (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸಣ್ಣದು ಮಾಡಿದರೆ ಅದು ಹಸಿರು ಬೆಳಕನ್ನು ನುಂಗಿಬಿಡುತ್ತದೆ, ನಮ್ಮ ಕಣ್ಣಿಗೆ ಮಾಣಿಕ್ಯದ ಕೆಂಪು ಕಾಣುತ್ತದೆ. ಇದರ ಬೆನ್ನು ಹತ್ತಿದವನು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ, 1857ರಲ್ಲಿ. ಅವನು ಮಾಡಿಟ್ಟ ಕೆಂಪು ದ್ರವದ ಬಾಟಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಇವತ್ತಿಗೂ ಇದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಕೆಂಪು ಹೋಗಿ ನೀಲಿಯಾಗುತ್ತದೆ ಅನ್ನುವುದೂ ಅವನು ಕಂಡದ್ದೇ.

ಈ ಕಣಗಳ ಮೈಗೆ ವೈರಸ್ಸನ್ನು ಗುರುತಿಸಿ ಹಿಡಿದುಕೊಳ್ಳುವ ಆಂಟಿಬಾಡಿ ಎಂಬ ಪ್ರೋಟೀನ್ ಹಚ್ಚಿರುತ್ತಾರೆ. ಮುಂದೆ ಪಟ್ಟಿಗೇ ಅಂಟಿಸಿದ ಇನ್ನೊಂದು ಸಾಲು ಆಂಟಿಬಾಡಿ. ವೈರಸ್ ಇದ್ದರೆ ಅದು ಇಬ್ಬರ ಕೈಗೂ ಸಿಕ್ಕಿ ನಿಲ್ಲುತ್ತದೆ, ಜೊತೆಗೆ ಬಂಗಾರವೂ ನಿಲ್ಲುತ್ತದೆ, ಗೆರೆ ಮೂಡುತ್ತದೆ. ಇಲ್ಲದಿದ್ದರೆ ಬಂಗಾರ ಸುಮ್ನೆ ದಾಟಿಹೋಗುತ್ತದೆ. ಆಚೆಗಿನ ಎರಡನೇ ಗೆರೆ ವೈರಸ್ ಇರಲಿ ಬಿಡಲಿ ಬರಲೇಬೇಕು. ಆಟಿ ತಿಂಗಳ ಮಳೆಗಾಲದ ತೇವಕ್ಕೆ ಪಟ್ಟಿ ಹಾಳಾಗಿದ್ದರೆ ಅದು ಬರುವುದಿಲ್ಲ, ಆಗ ಪಟ್ಟಿಯನ್ನು ಎಸೆಯುವುದೇ.

ಬಣ್ಣ ಬಂದ ಮಾತ್ರಕ್ಕೆ ಅದು ಪರೀಕ್ಷೆ ಆಗುವುದಿಲ್ಲ. ಕಾಮಾಲೆಯವರ ಕೈಗೆ ಏನೋ ಹಚ್ಚಿ, ಸುಣ್ಣದ ನೀರಿನಲ್ಲಿ ತೊಳೆಸಿ, ನೀರು ಹಳದಿಯಾದದ್ದನ್ನು ತೋರಿಸಿ ‘ರೋಗ ಇಳಿಯಿತು’ ಅನ್ನುವವರು ಈಗಲೂ ಇದ್ದಾರೆ. ಮಾವಿನ ತೊಗಟೆಯ ರಸ ಸುಣ್ಣಕ್ಕೆ ಸೇರಿದರೆ ನೀರು ಹಳದಿ ಆಗೇ ಆಗುತ್ತದೆ. ಗಟ್ಟಿಮುಟ್ಟಾದವನ ಕೈ ತೊಳೆಸಿದರೂ ಅಷ್ಟೇ. ‘ಇಲ್ಲ’ ಅಂತ ಹೇಳಲು ಬಾರದ ಪರೀಕ್ಷೆ ಅದು.

ಹಾಗಂತ ನಮ್ಮ ಕಾಗದದ ‘ಇಲ್ಲ’ವನ್ನೂ ಪೂರ್ತಿ ನಂಬುವ ಹಾಗಿಲ್ಲ. ನೊರೊವೈರಸ್ ನೂರಕ್ಕಿಂತ ಕಡಿಮೆ ಕಣ ಹೊಟ್ಟೆಗೆ ಹೋದರೂ ಕಾಯಿಲೆ ತರಬಹುದು. ಕಣ್ಣಿಗೆ ಕಾಣುವ ಗೆರೆ ಮೂಡಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೇಕು. ಇದಕ್ಕೆ ದಾರಿ ಎರಡು. ಒಂದು, ವೈರಸ್ಸಿನ ವಂಶವಾಹಿ ಎಳೆಯಾದ ಆರ್‌ಎನ್‌ಎಯ ಪ್ರತಿಗಳನ್ನು ಮೊದಲು ಕೋಟಿಗಟ್ಟಲೆ ಹೆಚ್ಚಿಸುವುದು. 2000ದಲ್ಲಿ ಜಪಾನಿನವರು ಪ್ರಕಟಿಸಿದ ಲ್ಯಾಂಪ್ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು, ಮತ್ತೆ ಮತ್ತೆ ಬಿಸಿ ಮಾಡಿ ತಣಿಸುವ ಪಿಸಿಆರ್ ಯಂತ್ರ ಬೇಡ. ಆದರೆ ಸತ್ತ ವೈರಸ್ಸನ್ನೂ ಅದು ಎಣಿಸುತ್ತದೆ. ಇನ್ನೊಂದು, ಕಣ್ಣಿನ ಬದಲು ಮೊಬೈಲ್. 2019ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ಹೊಳೆಯುವ ಮಣಿಗಳು ಕಾಗದದ ಮೇಲೆ ವೈರಸ್ಸಿಗೆ ಅಂಟಿ ಗುಂಪಾಗುವುದನ್ನು, ಸಣ್ಣ ಮೈಕ್ರೋಸ್ಕೋಪ್ ಜೋಡಿಸಿದ ಫೋನಿನಲ್ಲಿ ಎಣಿಸಿದರು. ಬೆರಳೆಣಿಕೆಯ ನೊರೊವೈರಸ್ ಕಣಗಳೂ ಸಿಕ್ಕಿದವು.

ಅವರು ಪರೀಕ್ಷಿಸಿದ್ದು ನೀರನ್ನು. ಮರುವಾಯಿಯಾದರೆ ಆ ಕಪ್ಪು ಭಾಗವನ್ನು ಕೊಯ್ದು ತೆಗೆದು, ಕಿಣ್ವ ಹಾಕಿ ಕರಗಿಸಬೇಕು. ಇಲ್ಲದಿದ್ದರೆ ಜಿಡ್ಡು ಕಾಗದದ ಸಣ್ಣ ತೂತುಗಳಲ್ಲೇ ಕಟ್ಟಿಕೊಳ್ಳುತ್ತದೆ. ಪಟ್ಟಿ ಅಗ್ಗ, ಅದಕ್ಕೆ ಮೊದಲಿನ ಈ ಕೆಲಸ ಅಗ್ಗ ಅಲ್ಲ. ಹಾಗಾಗಿ ನನ್ನನ್ನು ಕೇಳಿದರೆ, ಮೀನಿಗೆ ಹಾಕುವ ಐಸು, ಹೋಟೆಲಿನ ಬಾವಿ, ಮರುವಾಯಿ ಹೆಕ್ಕುವ ಅಳಿವೆಯ ನೀರು, ಇಷ್ಟಕ್ಕೆ ಮೊದಲು ಈ ಪಟ್ಟಿ ಬರಲಿ. ಸುಕ್ಕದ ಬಟ್ಟಲಿಗೆ ಆಮೇಲೆ ನೋಡೋಣ.